ಬೆಳ್ಳಿ ಬೇರೆ, ಮಜೂರಿ ಬೇರೆ

ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಬಿದರಿ ಹೂದಾನಿ ಇದೆ. ಅಪ್ಪ ಕಲಬುರಗಿಯಲ್ಲಿ ನಿವೃತ್ತರಾದ ದಿನ ಜತೆಯವರು ಹಣ ಕೂಡಿಸಿ ತಂದುಕೊಟ್ಟದ್ದು. ಅದರಲ್ಲಿ ಒಮ್ಮೆಯೂ ಹೂ ಇಟ್ಟದ್ದನ್ನು ನಾನು ಕಂಡಿಲ್ಲ. 2025ರ ದೀಪಾವಳಿಗೆ ಮನೆ ಸಾರಿಸಿ ತೊಳೆಯುವ ಭರದಲ್ಲಿ ಯಾರೋ ಅದನ್ನು ಹಿತ್ತಾಳೆ ಸಾಮಾನಿನ ರಾಶಿಗೆ ಸೇರಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟರು. ಯಾರು ಎಂಬುದು ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಕಾಡಿಗೆಯಂಥ ಕಪ್ಪು ಒಂದು ಮಗ್ಗುಲಲ್ಲಿ ಬೂದಿ ಬಣ್ಣಕ್ಕೆ ತಿರುಗಿತು. ಕುತ್ತಿಗೆಯ ಹತ್ತಿರದ ಬಳ್ಳಿಯಿಂದ ಬೆಳ್ಳಿಯ ಎರಡು ಎಳೆ ಎದ್ದು ಕೂದಲಿನ ಹಾಗೆ ನಿಂತವು.

ಮುಂದಿನ ತಿಂಗಳು ಅತ್ತ ಹೋಗುವ ಕೆಲಸವಿತ್ತು. ಹೂದಾನಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬೀದರಿಗೆ ಹೋದೆ. ಚೌಬಾರಾ ಗಡಿಯಾರ ಗೋಪುರದ ಆಸುಪಾಸಿನ ಗಲ್ಲಿಗಳಲ್ಲಿ ಬಿದರಿ ಅಂಗಡಿ ಹುಡುಕಬೇಕಾಗಿಲ್ಲ, ಕಿವಿ ಕೊಟ್ಟರೆ ಸಾಕು. ಸಣ್ಣ ಸುತ್ತಿಗೆ ಉಳಿಯ ತಲೆಯ ಮೇಲೆ ಬೀಳುವ ಟಕಟಕ ಸದ್ದು ಕರೆದೊಯ್ಯುತ್ತದೆ. ನಾನು ಹೊಕ್ಕ ಅಂಗಡಿಯಲ್ಲಿ ಅರವತ್ತು ದಾಟಿದ ಒಬ್ಬರು ನೆಲದ ಮೇಲೆ ಕೂತಿದ್ದರು. ಹೂದಾನಿಯನ್ನು ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದರು.

“ಹುಣಸಿಹಣ್ಣು ಹಚ್ಚೀರಿ.”

ಹೌದು ಎಂದೆ.

“ಎಲ್ಲಾರೂ ಹಚ್ತಾರ್ರೀ. ಕರಿ ಬಣ್ಣ ಮತ್ತ ಬರ್ತದ, ಚಿಂತಿ ಮಾಡಬ್ಯಾಡ್ರಿ. ಆದ್ರ ಈ ಕೆಲಸ...” ಎಂದು ಬಳ್ಳಿಯ ಮೇಲೆ ಉಗುರು ಆಡಿಸಿದರು. “ಇಷ್ಟು ಸಣ್ಣ ಎಳಿ ಕೂಡಿಸೋ ಮಂದಿ ಈಗ ಬೆರಳ ಮ್ಯಾಲ ಎಣಿಸಬೇಕು.”

ಎಷ್ಟಾಗುತ್ತದೆ ಎಂದು ಕೇಳಿದೆ. ಅವರು ಉತ್ತರ ಹೇಳದೆ ಮೊಬೈಲ್ ತೆಗೆದು ಆ ದಿನದ ಬೆಳ್ಳಿ ದರ ನೋಡಿದರು. ಈ ಬರಹ ಹುಟ್ಟಿದ್ದು ಅಲ್ಲಿಂದ.

ಬಿದರಿ ಪಾತ್ರೆಯನ್ನು ಬೆಳ್ಳಿಯದು ಎಂದು ತಿಳಿದವರು ಬಹಳ. ಅದರ ಮೈಯೆಲ್ಲ ಸತು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ, ಹರಳೆಣ್ಣೆ ಮತ್ತು ರಾಳ ಕಲಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಎರಕದ ಒರಟನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆ ಕಪ್ಪಿನ ಮೇಲೆ ಚೂಪು ಉಳಿಯಿಂದ ಗೀರಿದ ಚಿತ್ತಾರ ಬೆಳ್ಳಗೆ ಕಾಣುತ್ತದೆ. ಗೆರೆಯ ಜಾಡಿನಲ್ಲೇ ಉಳಿ ನಡೆಸಿ ಕಾಲುವೆ ಕಡಿಯುವುದು, ಅದರಲ್ಲಿ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ತಟ್ಟಿ ಕೂರಿಸುವುದು ಮುಂದಿನ ಕೆಲಸ. ಅಂಟಿಲ್ಲ, ಬೆಸುಗೆಯಿಲ್ಲ. ಕಾಲುವೆಯ ಅಂಚೇ ಬೆಳ್ಳಿಯನ್ನು ಕಚ್ಚಿ ಹಿಡಿಯಬೇಕು. ಕಾಲುವೆ ಕೂದಲೆಳೆಯಷ್ಟು ಅಗಲವಾದರೆ ತಂತಿ ಇವತ್ತಲ್ಲ ನಾಳೆ ಏಳುತ್ತದೆ. ಇಕ್ಕಟ್ಟಾದರೆ ಒಳಗೆ ಇಳಿಯುವುದೇ ಇಲ್ಲ. ಇದನ್ನು ಅಳೆಯಲು ಅವರ ಬಳಿ ಯಾವ ಉಪಕರಣವೂ ಇಲ್ಲ. ಕಾಗದದ ನಕ್ಷೆಯನ್ನೂ ಇಟ್ಟುಕೊಳ್ಳದೆ ಕೈಯಲ್ಲೇ ಬಳ್ಳಿ ಬರೆಯುತ್ತಾರೆ.

ತಂತಿ ಕೂರಿಸುವುದಕ್ಕೆ ತಾರ್‌ಕಶಿ ಎನ್ನುತ್ತಾರೆ. ಬೆಳ್ಳಿಯ ತಗಡನ್ನೇ ಹೂದಳದ ಆಕಾರಕ್ಕೆ ಕತ್ತರಿಸಿ ಕೂರಿಸಿದರೆ ಅದು ತಹನಿಶಾನ್. ನಮ್ಮ ಹೂದಾನಿಯಲ್ಲಿ ಎರಡೂ ಇವೆ ಎಂಬುದು ನನಗೆ ಗೊತ್ತಾದದ್ದು ಅವತ್ತೇ. ತಗಡಿನ ಕೆಲಸಕ್ಕೆ ಬೆಳ್ಳಿ ಹೆಚ್ಚು ಬೇಕು. “ಅದನ್ನ ಯಾರಾದ್ರೂ ಮೊದಲೇ ಹೇಳಿದ್ರ ಮಾಡ್ತೀವ್ರಿ, ಸುಮ್ನ ಮಾಡಿ ಇಡಾಕ ಆಗಂಗಿಲ್ಲ” ಎಂದರು.

ಆಗದೆ ಇರುವುದಕ್ಕೆ ಕಾರಣ ಬೀದರಿನಲ್ಲಿಲ್ಲ. 2020ರ ಆರಂಭದಲ್ಲಿ ಕಿಲೋ ಬೆಳ್ಳಿ ಐವತ್ತು ಸಾವಿರ ರೂಪಾಯಿಯ ಒಳಗಿತ್ತು. 2024ರ ಜುಲೈ ಬಜೆಟ್‌ನಲ್ಲಿ ಬೆಳ್ಳಿಯ ಆಮದು ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿದಾಗ ದರ ಒಂದಿಷ್ಟು ಕುಸಿದು ಮತ್ತೆ ತಲೆ ಎತ್ತಿತು. 2025ರ ದೀಪಾವಳಿ ಹೊತ್ತಿಗೆ ಒಂದೂವರೆ ಲಕ್ಷ ದಾಟಿತ್ತು. ಆ ಅಕ್ಟೋಬರಿನಲ್ಲಿ ದರ ಮಾತ್ರ ಏರಲಿಲ್ಲ, ಸರಕೇ ಸಿಗಲಿಲ್ಲ. ಹಬ್ಬಕ್ಕೆ ನಾಣ್ಯ, ಗಟ್ಟಿ ಕೊಳ್ಳುವವರು ಮುಗಿಬಿದ್ದರು. ಲಂಡನ್ ಮಾರುಕಟ್ಟೆಯಲ್ಲೂ ಕೈಗೆ ಸಿಗುವ ಬೆಳ್ಳಿ ಬಿಗಿಯಾಗಿತ್ತು. ಬೆಳ್ಳಿಯ ಮೇಲೆ ಹಣ ಹೂಡಿಸಿಕೊಳ್ಳುವ ಕೆಲವು ಮ್ಯೂಚುವಲ್ ಫಂಡ್‌ಗಳು ಹೊಸದಾಗಿ ಇಡಿಗಂಟು ತೆಗೆದುಕೊಳ್ಳುವುದನ್ನು ಕೆಲಕಾಲ ನಿಲ್ಲಿಸಿದ್ದವು. ಇನ್ನೊಂದು ಕಡೆ ಸೌರ ಫಲಕ, ಎಲೆಕ್ಟ್ರಾನಿಕ್ ಸಾಮಾನು, ವಿದ್ಯುತ್ ಕಾರುಗಳ ಕಾರ್ಖಾನೆಗಳಿಗೂ ಬೆಳ್ಳಿಯೇ ಬೇಕು. ಅವರೆಲ್ಲ ನಿಂತಿರುವ ಸಾಲಿನ ಕೊನೆಯಲ್ಲಿ ಮೂರು ತೊಲ ಬೆಳ್ಳಿ ಕೇಳಿಕೊಂಡು ಬೀದರಿನ ಕುಶಲಕರ್ಮಿ ನಿಂತಿದ್ದಾನೆ.

ವಿಚಿತ್ರವೆಂದರೆ ನಮ್ಮ ದೇಶದ ಗಣಿಗಳಲ್ಲಿ ಸಿಗುವ ಅಷ್ಟಿಷ್ಟು ಬೆಳ್ಳಿ ಬರುವುದು ಹೆಚ್ಚಾಗಿ ರಾಜಸ್ಥಾನದ ಸತು, ಸೀಸದ ಅದಿರಿನಿಂದಲೇ. ಒಂದೇ ಅದಿರಿನಿಂದ ಬೇರೆಯಾದ ಎರಡು ಲೋಹಗಳು ಬೀದರಿನಲ್ಲಿ ಮತ್ತೆ ಒಂದಾಗುತ್ತವೆ.

ಬೆಲೆ ಏರಿದರೆ ವಸ್ತುವಿನ ಬೆಲೆಯನ್ನೂ ಏರಿಸಿದರಾಯಿತು ಎಂದು ನನಗೂ ಅನ್ನಿಸಿತ್ತು. ಅಂಗಡಿಯಲ್ಲೇ ಕೂತು ಒಂದು ಲೆಕ್ಕ ಹಾಕಿದೆವು. ಅಂಕಿಗಳು ಉದಾಹರಣೆಗೆ ಹಿಡಿದವು, ಯಾರ ಖಾತೆಯವೂ ಅಲ್ಲ. ಹದಿನೈದು ಗ್ರಾಂ ಬೆಳ್ಳಿ ಹಿಡಿಯುವ ಒಂದು ಹೂಜಿ. ಗಿರಾಕಿ ಕೊಡಲು ಒಪ್ಪುವುದು ನಾಲ್ಕು ಸಾವಿರ. ಸತು, ಇದ್ದಿಲು, ಪಾಲಿಶ್, ಅಂಗಡಿಯ ಪಾಲು ಸೇರಿ ಒಂದು ಸಾವಿರ. ಬೆಳ್ಳಿ ಗ್ರಾಮಿಗೆ ಐವತ್ತು ರೂಪಾಯಿ ಇದ್ದಾಗ ಅದಕ್ಕೆ 750 ಹೋಗಿ, ಕೆಲಸಗಾರನಿಗೆ 2,250 ಉಳಿಯುತ್ತಿತ್ತು. ಗ್ರಾಮಿಗೆ ನೂರೈವತ್ತಾದರೆ ಬೆಳ್ಳಿಗೇ 2,250, ಕೆಲಸಗಾರನಿಗೆ 750. ಬೆಳ್ಳಿಯೂ ಮನುಷ್ಯನೂ ಜಾಗ ಅದಲುಬದಲು ಮಾಡಿಕೊಂಡರು. ಆರು ದಿನದ ಕೆಲಸ ಅದು. ದಿನಕ್ಕೆ ನೂರಿಪ್ಪತ್ತೈದು ರೂಪಾಯಿ ಎಂದರೆ ಗಾರೆ ಕೆಲಸಕ್ಕೆ ಇಟ್ಟಿಗೆ ಹೊರುವವರೂ ಒಪ್ಪುವುದಿಲ್ಲ.

ಗಿರಾಕಿ ನಾಲ್ಕು ಸಾವಿರದ ಮೇಲೆ ಏಕೆ ಹತ್ತುವುದಿಲ್ಲ? ಬಂಗಾರದಂಗಡಿಯಲ್ಲಿ ನಾವು ತೂಕಕ್ಕೆ ದುಡ್ಡು ಕೊಡುತ್ತೇವೆ, ನಾಳೆ ಮಾರಿದರೆ ತೂಕಕ್ಕೆ ದುಡ್ಡು ಬರುತ್ತದೆ ಎಂಬ ಧೈರ್ಯದಿಂದ. ಮೇಕಿಂಗ್ ಚಾರ್ಜ್ ಬಗ್ಗೆ ಗೊಣಗಿದರೂ ಕೊಡುತ್ತೇವೆ. ಬಿದರಿಯಲ್ಲಿ ಕೂತ ಬೆಳ್ಳಿಯನ್ನು ಕಿತ್ತು ಮಾರುವ ಹಾಗಿಲ್ಲ. ಆದರೂ ಅಂಗಡಿಗೆ ಬಂದವರು ಮೊದಲು ಕೇಳುವುದು ಬೆಳ್ಳಿ ಎಷ್ಟಿದೆ ಎಂದೇ. “ತೂಕ ಕೇಳ್ತಾರ. ಕೆಲಸ ಎಷ್ಟು ದಿನದ್ದು ಅಂತ ಒಬ್ಬರೂ ಕೇಳಂಗಿಲ್ರಿ” ಎಂದು ಅವರು ಹೇಳಿದಾಗ ನಾನು ಟವೆಲ್ ಮಡಚುವ ನೆಪದಲ್ಲಿ ತಲೆ ತಗ್ಗಿಸಿದೆ. ನಾನೂ ಕೇಳಿರಲಿಲ್ಲ.

ಹಾಗಾಗಿ ಉಳಿದ ದಾರಿ, ಬೆಳ್ಳಿಯನ್ನು ಕಡಿಮೆ ಮಾಡುವುದು. ಅಕ್ಕಸಾಲಿಗರ ಕಂಬಚ್ಚಿನ ಇನ್ನೂ ಸಣ್ಣ ತೂತಿನಲ್ಲಿ ತಂತಿ ಎಳೆಯುತ್ತಾರೆ. ಬಳ್ಳಿಯಲ್ಲಿ ಎಲೆಗಳು ವಿರಳವಾಗುತ್ತವೆ. ಹೂಜಿ ಹೋಗಿ ಹೂದಾನಿ, ಹೂದಾನಿ ಹೋಗಿ ಪೆನ್ನಿನ ಸ್ಟ್ಯಾಂಡು, ಅದೂ ಹೋಗಿ ಕೀಚೈನು, ಪೆನ್‌ಡ್ರೈವ್‌ನ ಕವಚ. ಇದನ್ನು ಕಾಲಕ್ಕೆ ತಕ್ಕ ಬದಲಾವಣೆ ಎಂದು ಹೊಗಳುವವರಿದ್ದಾರೆ. ನನಗೆ ಪೂರಾ ಒಪ್ಪಿಗೆಯಿಲ್ಲ. ಬಿದರಿ ಹಿಂದೆಯೂ ಬದಲಾಗಿದೆ, ನಿಜ. ಹುಕ್ಕಾದ ಬುಡ, ಪಾನ್‌ದಾನ್, ಸುರಾಹಿಗಳಿಂದ ಹೆಸರು ಮಾಡಿದ ಕಸುಬು ಇದು. 1851ರ ಲಂಡನ್ ಮಹಾ ಪ್ರದರ್ಶನಕ್ಕೂ ಹೋಗಿತ್ತು, ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಹಳೆಯ ಬಿದರಿ ಸಾಮಾನು ಇವತ್ತಿಗೂ ಇವೆ. ಹುಕ್ಕಾ ಸೇದುವವರು ಹೋದರು, ನಿಜಾಮರ ಆಳ್ವಿಕೆ ಹೋಯಿತು, 1956ರಲ್ಲಿ ಬೀದರ್ ಕನ್ನಡ ನಾಡಿಗೆ ಸೇರಿತು, ಕಸುಬು ಆಶ್‌ಟ್ರೇ, ಕಫ್‌ಲಿಂಕ್ ಮಾಡಿ ಬದುಕಿಕೊಂಡಿತು. ಆದರೆ ಕೀಚೈನಿನ ಮೇಲೆ ನಾಲ್ಕು ಗೆರೆ ಕೊರೆದು ಕಲಿತ ಹುಡುಗನಿಗೆ ಉಬ್ಬು ತಗ್ಗಿನ ಸುರಾಹಿಯ ಹೊಟ್ಟೆಯ ಮೇಲೆ ಬಳ್ಳಿ ಹಬ್ಬಿಸುವ ಕೈ ಬರುವುದಿಲ್ಲ. ವಸ್ತು ಚಿಕ್ಕದಾದಂತೆ ವಿದ್ಯೆಯೂ ಚಿಕ್ಕದಾಗುತ್ತದೆ. ಬೆಳ್ಳಿ ನಾಳೆ ಅಗ್ಗವಾದರೂ ಆ ವಿದ್ಯೆ ಹಿಂದಿರುಗುವುದಿಲ್ಲ.

ನಾನು ಚಿಕ್ಕವನಿದ್ದಾಗ ಬೀದಿಗೆ ಕಲಾಯಿಯವನು ಬರುತ್ತಿದ್ದ. ತಿದಿ ಒತ್ತಿ, ತಾಮ್ರದ ಹಂಡೆಗೆ ತವರ ಬಳಿದು, ಹತ್ತಿಯಿಂದ ಒಂದೇ ಸುತ್ತಿಗೆ ಬೆಳ್ಳಗೆ ಮಾಡುತ್ತಿದ್ದ. ಅವನು ಹೋದದ್ದು ಸ್ಟೀಲ್ ಪಾತ್ರೆ ಬಂದದ್ದರಿಂದ. ಅವನ ಕೆಲಸವೇ ಬೇಡವಾಯಿತು. ಬಿದರಿಯ ಕತೆ ಹಾಗಲ್ಲ. ಬೇಕು ಎನ್ನುವವರು ಇದ್ದಾರೆ. ಸನ್ಮಾನಕ್ಕೆ, ವಿದೇಶಿ ಅತಿಥಿಗೆ ಕೊಡಲು, ಸರ್ಕಾರಿ ಸಮಾರಂಭಕ್ಕೆ ಬೇಕು. ಮರ್ಯಾದೆಗೂ ಕೊರತೆಯಿಲ್ಲ. 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. 2011ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರ ಬಿದರಿಯದೇ. 2023ರಲ್ಲಿ ಬಿದರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳ ಪಟ್ಟಿಯಲ್ಲಿ ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ಬೀಗ ಮಾಡುವವರು ಎಲ್ಲರೂ ಇದ್ದಾರೆ. ಬಿದರಿ ಎಂಬ ಹೆಸರು ಇಲ್ಲ.

ಇದ್ದಿದ್ದರೂ ಕೆಲವು ದಿನಗಳ ತರಬೇತಿ, ಉಪಕರಣಕ್ಕೆ ಹದಿನೈದು ಸಾವಿರ ರೂಪಾಯಿ ಸಿಗುತ್ತಿತ್ತು. ಈ ಕೈ ಪಳಗಲು ವರ್ಷಗಳು ಬೇಕು. ಮೊದಲೆಲ್ಲ ಎರಕ ಹೊಯ್ಯುವವನು, ಅರ ಹಾಕುವವನು, ನಕಾಸಿ ಕೊರೆಯುವವನು, ಬೆಳ್ಳಿ ಕೂರಿಸುವವನು ಬೇರೆ ಬೇರೆ ಇರುತ್ತಿದ್ದರಂತೆ. ಈ ಅಂಗಡಿಯಲ್ಲಿ ಈಗ ಎಲ್ಲವೂ ಅವರೊಬ್ಬರೇ. ಒಬ್ಬ ಮಗ ಹೈದರಾಬಾದಿನಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. “ಅವನ ಕೈ ಭಾಳ ಛಲೋ ಇತ್ರಿ. ಸಣ್ಣ ಸ್ಕ್ರೂ ಹಿಡಿಯೂದು ಅವಗ ಏನೂ ಅಲ್ಲ” ಎಂದು ನಕ್ಕರು. ಆ ನಗುವಿನಲ್ಲಿ ದೂರು ಇರಲಿಲ್ಲ. ತಿಂಗಳಿಗೆ ಸರಿಯಾಗಿ ಸಂಬಳ ತರುವ ಮಗನನ್ನು ಯಾವ ತಂದೆಯೂ ಉಳಿ ಹಿಡಿ ಎಂದು ವಾಪಸ್ ಕರೆಯುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಂತಿ ಕೂತಿತ್ತು. ಉಳಿದದ್ದು ಬಣ್ಣ. ಅವರು ಮೂಲೆಯ ಡಬ್ಬಿಯಿಂದ ಒಂದು ಹಿಡಿ ಮಣ್ಣು ತೆಗೆದು, ಚಿಟಿಕೆಯಷ್ಟನ್ನು ನಾಲಿಗೆಯ ತುದಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಬೀದರ್ ಕೋಟೆಯ ಹಳೆಯ ಗೋಡೆಗಳ ಮಗ್ಗುಲಲ್ಲಿ, ನೂರಾರು ವರ್ಷ ಬಿಸಿಲು ಮಳೆ ಕಾಣದ ಜಾಗದ ಮಣ್ಣು ಅದು. ರುಚಿಯಲ್ಲೇ ಗುಣ ತಿಳಿಯುತ್ತದೆ. ನನಗೂ ಕೊಟ್ಟರು. ಸ್ವಲ್ಪ ಉಪ್ಪು, ಸ್ವಲ್ಪ ಒಗರು; ನನ್ನ ನಾಲಿಗೆಗೆ ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ಮಣ್ಣಿಗೆ ನವಸಾಗರ ಬೆರೆಸಿ ನೀರಿನಲ್ಲಿ ಕುದಿಸಿ, ಹೂದಾನಿಯನ್ನು ಅದ್ದಿ ತಿರುಗಿಸುತ್ತ ಕೂತರು. ಎರಡೇ ನಿಮಿಷ. ಮೈಯ ಸತು ಕಪ್ಪಗಾಗುತ್ತ ಬಂತು, ಬೆಳ್ಳಿ ಮಾತ್ರ ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ಹೊಳೆಯಿತು. ಕೊನೆಗೆ ಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿದರು. ಈ ಸಾಮಗ್ರಿಗಳಲ್ಲಿ ದರ ಏರದೆ ಉಳಿದದ್ದು ಆ ಮಣ್ಣೊಂದೇ. ಆದರೆ ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಬೇಕೆಂದಾಗ ಬೇಕೆಂದಷ್ಟು ಅಗೆದು ತರುವ ಹಾಗಿಲ್ಲ. ಅದನ್ನೂ ಅವರು ಬೆಳ್ಳಿಯಷ್ಟೇ ಜೋಪಾನವಾಗಿ ಡಬ್ಬಿಯಲ್ಲಿ ಇಟ್ಟಿದ್ದರು.

ಹಣ ಎಷ್ಟು ಎಂದು ಮತ್ತೆ ಕೇಳಿದೆ. ಚೀಟಿಯ ಮೇಲೆ ಒಂದೇ ಮೊತ್ತ ಬರೆದುಕೊಟ್ಟರು. ಬೆಳ್ಳಿಗೆಷ್ಟು, ಕೆಲಸಕ್ಕೆಷ್ಟು ಎಂದು ಒತ್ತಾಯ ಮಾಡಿ ಬಿಡಿಸಿ ಬರೆಸಿದೆ. ಬೆಳಗಿನಿಂದ ಮಧ್ಯಾಹ್ನದವರೆಗಿನ ಮಜೂರಿ, ಎರಡು ಎಳೆ ಬೆಳ್ಳಿಗಿಂತ ಕಡಿಮೆ ಇತ್ತು. ತಿದ್ದಿ ಬರೆಯಿರಿ ಎಂದೆ. ಸಂಕೋಚಪಟ್ಟುಕೊಂಡು ಐವತ್ತು ರೂಪಾಯಿ ಏರಿಸಿದರು. ಉಳಿದದ್ದನ್ನು ಡಬ್ಬಿಯ ಕೆಳಗೆ ಇಟ್ಟು ಬಂದೆ.

ನೀವು ಬೀದರಿಗೆ ಹೋದರೆ, ಅಥವಾ ಯಾವುದಾದರೂ ಮೇಳದಲ್ಲಿ ಬಿದರಿ ಕೊಂಡರೆ, ಬಿಲ್ಲಿನಲ್ಲಿ ಬೆಳ್ಳಿ ಬೇರೆ, ಮಜೂರಿ ಬೇರೆ ಬರೆಸಿಕೊಳ್ಳಿ. ಚೌಕಾಸಿ ಮಾಡಲೇಬೇಕಿದ್ದರೆ ಮೊದಲನೆಯದರಲ್ಲಿ ಮಾಡಿ. ಮನೆಗೆ ತಂದ ಮೇಲೆ ಹುಣಸೆಹಣ್ಣು ಮಾತ್ರ ಹಚ್ಚಬೇಡಿ.