ಒಲೆ ಒಂದೆಡೆ, ಕಾವು ಮನೆಯೆಲ್ಲ!

ಹೊರಗೆ ಮೈ ಕೊರೆಯುವ ಚಳಿ, ಅಂಗಳದ ತುಂಬ ಹಿಮ. ಆದರೂ ಕೊರಿಯಾದ ಜನ ಚಪ್ಪಲಿ ಕಳಚಿ ನೆಲದ ಮೇಲೆಯೇ ಕೂರುತ್ತಾರೆ, ಅಲ್ಲೇ ಹಾಸಿಗೆ ಬಿಡಿಸಿ ಮಲಗುತ್ತಾರೆ. ಗುಟ್ಟೇನು ಗೊತ್ತೆ? ಅವರ ಮನೆಯ ನೆಲವೇ ಬೆಚ್ಚಗಿರುತ್ತದೆ! ಶತಮಾನಗಳಿಂದ ಬಂದ ಈ ಏರ್ಪಾಡಿಗೆ 'ಒಂಡೊಲ್' ಎಂದು ಹೆಸರು.

ಹಳೆಯ ಕಾಲದ ಮನೆಗಳಲ್ಲಿ ಅಡುಗೆಮನೆಯ ನೆಲ ಕೋಣೆಯ ನೆಲಕ್ಕಿಂತ ತಗ್ಗಿನಲ್ಲಿರುತ್ತಿತ್ತು. ಸೌದೆ ಒಲೆಯ ಬಿಸಿ ಹೊಗೆ ನೇರ ಮೇಲೇರದೆ, ಕೋಣೆಯ ನೆಲದಡಿ ಕಟ್ಟಿದ ಕಾಲುವೆಗಳಲ್ಲಿ ಹರಿದು, ಆಚೆ ಬದಿಯ ಚಿಮಣಿಯಿಂದ ಹೊರಬೀಳುತ್ತಿತ್ತು. ಕಾಲುವೆಗಳ ಮೇಲೆ ಚಪ್ಪಡಿ ಕಲ್ಲು, ಅದರ ಮೇಲೆ ಮಣ್ಣಿನ ಲೇಪ, ಮೇಲೊಂದು ಎಣ್ಣೆ ಹಚ್ಚಿದ ಕಾಗದದ ಹಾಸು. ಅನ್ನ ಬೇಯಿಸಿದ ಬೆಂಕಿಯೇ ಕಲ್ಲನ್ನೂ ಕಾಯಿಸುತ್ತಿತ್ತು. ಒಲೆ ಆರಿದ ಮೇಲೂ ಕಲ್ಲು ಗಂಟೆಗಟ್ಟಲೆ ಕಾವು ಬಿಡುತ್ತಿತ್ತು. ಒಲೆಗೆ ಹತ್ತಿರದ, ಹೆಚ್ಚು ಬೆಚ್ಚನೆಯ ಜಾಗ ಹಿರಿಯರಿಗೆ ಮೀಸಲು.

ಆದರೆ ಈ ಸುಖದ ಅಡಿಯಲ್ಲೇ ಅಪಾಯವೂ ಅಡಗಿತ್ತು. 1950-53ರ ಯುದ್ಧದ ನಂತರ ದಕ್ಷಿಣ ಕೊರಿಯಾದಲ್ಲಿ ಸೌದೆಯ ಜಾಗಕ್ಕೆ ಅಗ್ಗದ ಕಲ್ಲಿದ್ದಲ ಬಿಲ್ಲೆಗಳು ಬಂದವು. ನೆಲದಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ಸಾಕು, ಕಾರ್ಬನ್ ಮಾನಾಕ್ಸೈಡ್ ಒಳನುಗ್ಗುತ್ತಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ ಎಂಬ ಸುದ್ದಿ ದಶಕಗಳ ಕಾಲ ಪ್ರತಿ ಚಳಿಗಾಲದಲ್ಲೂ ಕೇಳಿಬರುತ್ತಿತ್ತು.

ಪರಿಹಾರ ಸರಳವಾಗಿತ್ತು: ನೆಲದಡಿ ಹೊಗೆಯ ಬದಲು ಬಿಸಿನೀರು ಹರಿಸುವುದು! ಬೆಂಕಿ ಬಾಯ್ಲರಿನಲ್ಲಿ, ಹೊಗೆ ಚಿಮಣಿಯಲ್ಲಿ, ಕೋಣೆಯೊಳಗೆ ಬರುವುದು ಕಾವು ಮಾತ್ರ. ಇಂದು ಕೊರಿಯಾದ ಬಹುಮಹಡಿ ಮನೆಗಳಲ್ಲೂ ಇದೇ ಕ್ರಮ.

ಆಸ್ಟ್ರಿಯಾ, ಸ್ವೀಡನ್‌ಗಳ ಹಳ್ಳಿಮನೆಗಳಲ್ಲಿ ಸೌದೆಯಿಂದ ಉರಿಯುವ ಬಾಯ್ಲರುಗಳು ಈಗಲೂ ಇವೆ. ಸೌದೆಯ ಬೆಂಕಿಯನ್ನು ದೀಪದಂತೆ ಬೇಕೆಂದಾಗ ಹಚ್ಚಿ ಆರಿಸಲಾಗದು. ಹಾಗಾಗಿ ಒಮ್ಮೆ ಚೆನ್ನಾಗಿ ಉರಿಸಿ, ಕಾವನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಕೂಡಿಡುತ್ತಾರೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: 1,000 ಲೀಟರ್ ನೀರನ್ನು 40 ಡಿಗ್ರಿಯಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಸುಮಾರು 46 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಅದರಲ್ಲಿ ಸೇರುತ್ತದೆ. ಒಣಗಿದ ಸೌದೆ ಕಿಲೋಗೆ ಸುಮಾರು 4 ಯೂನಿಟ್ ಕೊಡುತ್ತದೆ. ಪೋಲಾಗುವುದನ್ನೂ ಸೇರಿಸಿದರೆ ಸುಮಾರು 15 ಕಿಲೋ ಸೌದೆ ಸಾಕು. ಹಸಿ ಸೌದೆಯಾದರೆ ಬೆಂಕಿಯ ಒಂದು ಪಾಲು ಅದರ ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ.

ತೊಟ್ಟಿಯ ನೀರನ್ನು ಅಷ್ಟೇ ಬಿಸಿಯಾಗಿ ನೆಲದಡಿಗೆ ಬಿಡುವುದಿಲ್ಲ. ನೆಲದಡಿ ಹರಿದು ತಣಿದು ಮರಳಿದ ನೀರನ್ನೇ ಬೆರೆಸಿ 35-40 ಡಿಗ್ರಿಗೆ ಇಳಿಸುತ್ತಾರೆ. ಇಡೀ ನೆಲವೇ ಕಾವು ಬೀರುವುದರಿಂದ ಅಷ್ಟು ಸಾಕು.

ನಮ್ಮ ಊರುಗಳಿಗೆ ಇಂಥ ಬಾಯ್ಲರಿನ ಅಗತ್ಯವಿಲ್ಲ, ನಿಜ. ಆದರೆ ಚಳಿಯೆಂದು ಕಿಟಕಿ ಬಾಗಿಲು ಮುಚ್ಚಿ, ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವವರು ನಮ್ಮಲ್ಲೂ ಇದ್ದಾರೆ. ಕೆಂಡದಿಂದ ಹೊಗೆ ಏಳದಿರಬಹುದು, ವಿಷಾನಿಲ ಮಾತ್ರ ತಪ್ಪದು. ಮಲಗುವ ಕೋಣೆಯಲ್ಲಿ ಕೆಂಡ ಬೇಡ; ಇನ್ನೊಂದು ಕಂಬಳಿ ಹೊದೆಯುವುದೇ ಕ್ಷೇಮ.