ಸಸ್ಯಾಹಾರಿಗಳ ಮಧುಮೇಹ ಮತ್ತು ಬಿ12 ಜೀವಸತ್ವ

ಕೆಲವು ವರ್ಷಗಳ ಹಿಂದೆ ರಾಯಬಾಗ ತಾಲೂಕಿನ ಹಳ್ಳಿಯೊಂದರಿಂದ ಐವತ್ತೈದರ ಆಸುಪಾಸಿನ ರೈತ ಮಹಿಳೆಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. "ನಡಕೋತ ಹೊಂಟಾಗ ಕಾಲಾನ ಚಪ್ಪಲಿ ಬಿಚ್ಚಿ ಹಿಂದ ಉಳದರೂ ತಿಳಿಯಂಗಿಲ್ರೀ ಸಾಹೇಬರ" ಎಂಬುದು ಅವರ ದೂರು. ಹತ್ತು ವರ್ಷಗಳಿಂದ ಮಧುಮೇಹವಿದ್ದರೂ ಅವರು ಗುಳಿಗೆ ತಪ್ಪಿಸಿದವರಲ್ಲ. ಸಕ್ಕರೆಯ ಪ್ರಮಾಣ ಹತೋಟಿಯಲ್ಲಿಯೇ ಇತ್ತು. ಮೈಕಟ್ಟು ಕೃಶ. ಪಾದಗಳಲ್ಲಿ ಉರಿ, ಜೋಮು, ರಾತ್ರಿ ನಿದ್ರೆಯಿಲ್ಲ. ಮಧುಮೇಹದಿಂದ ನರಗಳು ಬಲಗುಂದಿವೆ, ವಾತ ಪ್ರಕೋಪಗೊಂಡಿದೆ ಎಂದು ನಿಶ್ಚಯಿಸಿ ನಾನು ಆರು ತಿಂಗಳು ತೈಲಾಭ್ಯಂಗ ಮಾಡಿಸಿದೆ. ಗುಣ ಕಾಣಲಿಲ್ಲ. ಕೊನೆಗೆ ರಕ್ತದಲ್ಲಿ ಬಿ12 ಜೀವಸತ್ವವನ್ನು ಅಳೆಯಿಸಿದಾಗ ಅದು ತೀರ ಕೆಳಮಟ್ಟದಲ್ಲಿತ್ತು. ಮೊದಲ ದಿನವೇ ಮಾಡಿಸಬೇಕಾಗಿದ್ದ ಪರೀಕ್ಷೆಯನ್ನು ನಾನು ಆರು ತಿಂಗಳು ತಡವಾಗಿ ಮಾಡಿಸಿದ್ದೆ. ನರಗಳ ವಿಷಯದಲ್ಲಿ ಆರು ತಿಂಗಳು ಸಣ್ಣ ಅವಧಿಯಲ್ಲ.

ಈ ಮಾತನ್ನು ಇಲ್ಲಿ ಬರೆಯಲು ಕಾರಣವಿದೆ. ಶ್ರೀಮಠದ ಭಕ್ತರಲ್ಲಿ ಬಹುತೇಕರು ಸಸ್ಯಾಹಾರಿಗಳು. ಬಿ12 ಯಾವ ಕಾಳಿನಲ್ಲಿಯೂ ಕಾಯಿಪಲ್ಯೆಯಲ್ಲಿಯೂ ನಂಬುವಷ್ಟು ಪ್ರಮಾಣದಲ್ಲಿ ಇಲ್ಲ. ನಮಗೆ ಅದು ದೊರೆಯುವ ಮುಖ್ಯ ದಾರಿ ಹಾಲು, ಮೊಸರು, ಮಜ್ಜಿಗೆ. ಇದರ ಜೊತೆಗೆ ಮಧುಮೇಹಿಗಳಿಗೆ ಇನ್ನೊಂದು ಕಂಟಕವಿದೆ. ಅವರಲ್ಲಿ ಹೆಚ್ಚಿನವರು ಸೇವಿಸುವ ಮೆಟ್‌ಫಾರ್ಮಿನ್ ಗುಳಿಗೆಯು ಕರುಳಿನಲ್ಲಿ ಬಿ12 ಹೀರಿಕೆಯನ್ನು ಕುಂದಿಸುತ್ತದೆ. ನೆದರ್‌ಲ್ಯಾಂಡಿನ ವೈದ್ಯರು 390 ಮಧುಮೇಹಿಗಳನ್ನು ನಾಲ್ಕು ವರ್ಷಗಳಿಗೂ ಮಿಕ್ಕಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಟ್‌ಫಾರ್ಮಿನ್ ಸೇವಿಸಿದವರ ಬಿ12 ಮಟ್ಟ ಸೇವಿಸದವರಿಗಿಂತ ಶೇಕಡಾ 19ರಷ್ಟು ಇಳಿದಿತ್ತು. ಅವರು ಮಾಂಸ, ಮೊಟ್ಟೆ ತಿನ್ನುವ ನಾಡಿನವರು. ಮೊದಲೇ ಕಡಿಮೆ ಇರುವ ನಮ್ಮವರ ಪಾಡೇನು?

ಹಾಗೆಂದು ಯಾರೂ ಆ ಗುಳಿಗೆಯನ್ನು ಬಿಡಲಾಗದು. ಆಯುರ್ವೇದ ವೈದ್ಯನಾಗಿದ್ದೂ ನಾನು ಇದನ್ನು ಒತ್ತಿ ಹೇಳುತ್ತೇನೆ. ಮೆಟ್‌ಫಾರ್ಮಿನ್‌ನ ಮೂಲವೂ ಒಂದು ಮೂಲಿಕೆಯೇ. ಯುರೋಪಿನ ಗೆಲೆಗಾ ಎಂಬ ಗಿಡದಲ್ಲಿದ್ದ ದ್ರವ್ಯದ ಶೋಧನೆಯಿಂದ ಅದು ಬೆಳೆದು ಬಂದಿತು. ಬಿಡಬೇಕಾದದ್ದು ಗುಳಿಗೆಯನ್ನಲ್ಲ, ಪರೀಕ್ಷೆಯ ಬಗೆಗಿನ ಉದಾಸೀನವನ್ನು.

ಇನ್ನು ಕೃಶ ದೇಹದ ವಿಚಾರ. ಮಧುಮೇಹವೆಂದರೆ ಹೊಟ್ಟೆ ಬೆಳೆದ ಸಾಹುಕಾರರ ರೋಗವೆಂಬ ಭಾವನೆ ಇಂದಿಗೂ ಹೋಗಿಲ್ಲ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವರಿಗೂ ಅಥಣಿ, ಕಾಗವಾಡಗಳ ಕಬ್ಬು ಕಡಿಯುವವರಿಗೂ ಅದು ಬಂದಾಗ ಮನೆಯವರು ಬೆರಗಾಗುತ್ತಾರೆ. ಸುಶ್ರುತಾಚಾರ್ಯರು ಪ್ರಮೇಹವನ್ನು ಸಹಜ ಮತ್ತು ಅಪಥ್ಯನಿಮಿತ್ತ ಎಂದು ಎರಡಾಗಿ ವಿಂಗಡಿಸಿದ್ದಾರೆ. ಅಪಥ್ಯದಿಂದ ಬಂದವನು ಸ್ಥೂಲ. ಮಾತಾಪಿತೃಗಳ ಬೀಜದೋಷದಿಂದ ಬಂದ ಸಹಜ ಪ್ರಮೇಹಿಯು ಕೃಶ. ಆಚಾರ್ಯರಿಗೆ ಬಿ12 ತಿಳಿದಿತ್ತೆಂದು ಹೇಳುವ ಅತ್ಯುತ್ಸಾಹ ನನಗಿಲ್ಲ, ತಿಳಿದಿರಲಿಲ್ಲ. ಆದರೆ ರೋಗದ ಬೇರು ಹುಟ್ಟುವ ಮೊದಲೇ ಇರಬಹುದೆಂಬ ಅವರ ನೋಟವು ಇಂದಿನ ಪ್ರಯೋಗಶಾಲೆಗಳ ಮುಂದೆಯೂ ನಿಂತಿದೆ.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ ಅವರು ತಮ್ಮ ಮತ್ತು ಲಂಡನ್ನಿನ ಸಹಸಂಶೋಧಕ ಜಾನ್ ಯುಡ್ಕಿನ್ ಅವರ ದೇಹಗಳನ್ನೇ ಅಳತೆ ಮಾಡಿಸಿದರು. ಎತ್ತರಕ್ಕೂ ತೂಕಕ್ಕೂ ಇರುವ ಅನುಪಾತವಾದ ಬಿ.ಎಂ.ಐ. ಇಬ್ಬರದೂ 22.3. ಆದರೆ ಯುಡ್ಕಿನ್‌ರ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ಮೈಯಲ್ಲಿ ಶೇಕಡಾ 21.2! ಈ ಛಾಯಾಚಿತ್ರಸಹಿತ ಟಿಪ್ಪಣಿ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ತೆಳ್ಳಗೆ ಕಾಣುವ ಭಾರತೀಯನು ಒಳಗೆ ಮೇದಸ್ವಿಯಾಗಿರುತ್ತಾನೆಂಬುದು ಅದರ ತಾತ್ಪರ್ಯ.

ಇದು ಎಂದಿನಿಂದ ಆರಂಭವಾಗುತ್ತದೆ? ಯಾಜ್ಞಿಕರ ತಂಡವು 1993ರಿಂದ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಗಮನಿಸುತ್ತ ಬಂದಿದೆ. ಅಲ್ಲಿನ ಶಿಶುವಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಶಿಶುವಿನದು 3.5 ಕಿಲೋ. ತೂಕ ಇಷ್ಟು ಕಡಿಮೆಯಾದರೂ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ. ಕೊರತೆ ಬಿದ್ದದ್ದು ಮಾಂಸಖಂಡಕ್ಕೆ. ಆ ತಾಯಂದಿರಲ್ಲಿ ಸುಮಾರು ಮೂರನೆಯ ಎರಡು ಪಾಲು ಮಂದಿಗೆ ಬಿ12 ಕಡಿಮೆಯಿತ್ತು. ತಾಯಿಯಲ್ಲಿ ಬಿ12 ಕಡಿಮೆಯಾಗಿ ಫೋಲೇಟ್ ಹೆಚ್ಚಾಗಿದ್ದಾಗ, ಮಗು ಆರು ವರ್ಷದವನಾಗುವ ಹೊತ್ತಿಗೆ ಇನ್ಸುಲಿನ್ ಹಾರ್ಮೋನಿಗೆ ಅದರ ದೇಹವು ಸರಿಯಾಗಿ ಸ್ಪಂದಿಸದಿರುವುದು ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದಿತು. ಇದು 2008ರಲ್ಲಿ ಪ್ರಕಟವಾಯಿತು. ಗಡಿಯಾಚೆಯ ಆ ಹಳ್ಳಿಗಳ ಊಟ ನಮ್ಮ ಊಟಕ್ಕಿಂತ ಬಹಳ ಬೇರೆಯಲ್ಲ. ಭಾಕರಿ ಎಂದರೂ ರೊಟ್ಟಿ ಎಂದರೂ ಹಿಟ್ಟು ಒಂದೇ.

ನಮ್ಮ ರಾಜ್ಯದ ಸಾಕ್ಷ್ಯವೂ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯು 1934ರಿಂದಲೂ ಪ್ರತಿಯೊಂದು ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿತ್ತು. ಬರೆದಿಟ್ಟವರಿಗೆ ಅದರ ಪ್ರಯೋಜನ ಗೊತ್ತಿರಲಾರದು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರ ಅಧ್ಯಯನವೊಂದು ಆರಂಭವಾಯಿತು. ಡಾ. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಅವರಲ್ಲಿ 785 ಮಂದಿಯ ರಕ್ತವನ್ನು ಪರೀಕ್ಷಿಸಿದಾಗ ಶೇಕಡಾ 43ರಷ್ಟು ಮಂದಿಯಲ್ಲಿ ಬಿ12 ಕೊರತೆ ಕಂಡಿತು. ಕೊರತೆಯಿದ್ದವರಲ್ಲಿ ಗರ್ಭಾವಸ್ಥೆಯ ಮಧುಮೇಹವು ಉಳಿದವರಿಗಿಂತ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಇವು ಎರಡು ಸಂಗತಿಗಳ ನಡುವಣ ನಂಟನ್ನು ತೋರಿಸುತ್ತವೆಯೇ ಹೊರತು ಒಂದೇ ಇನ್ನೊಂದರ ಕಾರಣವೆಂದು ಸಿದ್ಧಪಡಿಸುವುದಿಲ್ಲ. ಬಿ12 ಸೇವಿಸಿದರೆ ಮಧುಮೇಹ ಗುಣವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ಗರ್ಭಿಣಿಯರಿಗೆ ಸರಕಾರದಿಂದ ದೊರೆಯುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇವೆ, ಬಿ12 ಇಲ್ಲ. ಆ ಗುಳಿಗೆ ಅವಶ್ಯವಾದುದು, ತಪ್ಪಿಸಕೂಡದು. ಆದರೆ ಫೋಲಿಕ್ ಆಮ್ಲವು ರಕ್ತಹೀನತೆಯನ್ನು ಸರಿಪಡಿಸಿದಂತೆ ತೋರಿಸಿ, ಬಿ12 ಕೊರತೆಯಿಂದ ನರಗಳಿಗಾಗುವ ಹಾನಿಯನ್ನು ಮರೆಮಾಡಬಲ್ಲದು. ಆದುದರಿಂದ ಸಸ್ಯಾಹಾರಿ ಗರ್ಭಿಣಿಯು ತನ್ನ ವೈದ್ಯರನ್ನು ಬಿ12 ಬಗ್ಗೆ ಕೇಳುವುದು ಯುಕ್ತ. ಚರಕಸಂಹಿತೆಯು ಗರ್ಭಿಣಿಗೆ ಮೊದಲ ತಿಂಗಳಿನಿಂದಲೇ ಹಾಲನ್ನು ವಿಧಿಸಿದೆ.

ಆದರೆ ಹಾಲು ಎಲ್ಲಿದೆ? ನನ್ನ ರೋಗಿಯ ಮನೆಯಲ್ಲಿ ಎರಡು ಎಮ್ಮೆಗಳಿದ್ದವು. "ಹಾಲೆಲ್ಲಾ ಡೇರಿಗಿ ಹಾಕತೇವ್ರಿ, ಸಾಲ ಹರೀಬೇಕಲ್ರೀ" ಎಂದರು. ಮನೆಯಲ್ಲಿ ಉಳಿದದ್ದು ಚಹಾಕ್ಕೆ. ಅದೂ ಗಂಡಸರಿಗೆ, ಮೊಮ್ಮಕ್ಕಳಿಗೆ. ಹಾಲು ಕರೆಯುವ ಕೈಗೆ ಕರಿ ಚಹಾ. ನೀರಾವರಿ ಬಂದು, ಕಬ್ಬು ಬಂದು, ಸಕ್ಕರೆ ಕಾರ್ಖಾನೆಗಳು ಬಂದ ಈ ನೆಲದಲ್ಲಿ ಮನೆಯ ಹೆಂಗಸರ ತಾಟಿಗೆ ಒಂದು ಬಟ್ಟಲು ಮೊಸರು ಬರದಿರುವುದನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ! ದಿನಕ್ಕೆ ಬೇಕಾಗುವ ಬಿ12 ಸುಮಾರು ಎರಡು ಮೈಕ್ರೋಗ್ರಾಂ ಮಾತ್ರ. ಒಂದು ಲೋಟ ಹಾಲಿನಲ್ಲಿ ಅದರ ಅರ್ಧದಷ್ಟು ಸಿಗಬಹುದು. ಬಹಳ ಹೊತ್ತು ಕುದಿಸಿದರೆ ಕುಂದುತ್ತದೆ. ತುಪ್ಪದಲ್ಲಿ ಅದು ಇಲ್ಲವೆಂದೇ ಹೇಳಬೇಕು. ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡು ಬಿ12 ಬಂದಿತೆಂದು ತಿಳಿಯಲಾಗದು.

ಕೊರತೆ ಒಮ್ಮೆ ಆಳಕ್ಕಿಳಿದ ಬಳಿಕ ಹಾಲೊಂದೇ ಸಾಲದು. ಗುಳಿಗೆ ಅಥವಾ ಚುಚ್ಚುಮದ್ದು ಬೇಕಾಗುತ್ತದೆ. ಇಲ್ಲಿ ಭಕ್ತರು ಕೇಳುವ ಪ್ರಶ್ನೆಯೊಂದಿದೆ: ಈ ಔಷಧ ಮಾಂಸಮೂಲದ್ದೇ? ಅಲ್ಲ. ಕಾರ್ಖಾನೆಗಳಲ್ಲಿ ಅದನ್ನು ಸೂಕ್ಷ್ಮಾಣುಜೀವಿಗಳಿಂದ, ಹುದುಗಿಸುವ ಕ್ರಮದಲ್ಲಿಯೇ ತಯಾರಿಸುತ್ತಾರೆ. ಆದರೆ ಕ್ಯಾಪ್ಸೂಲಿನ ಮೇಲಿನ ಮೃದು ಕವಚವು ಸಾಮಾನ್ಯವಾಗಿ ಜೆಲಾಟಿನ್, ಅದು ಪ್ರಾಣಿಮೂಲದ್ದು. ಅದನ್ನು ಒಲ್ಲದವರು ಗಟ್ಟಿ ಗುಳಿಗೆಯನ್ನು ಅಥವಾ ಚುಚ್ಚುಮದ್ದನ್ನು ಕೇಳಿ ಪಡೆಯಬಹುದು. ಪ್ರಮಾಣವನ್ನು ವೈದ್ಯರೇ ನಿರ್ಧರಿಸಲಿ.

ಮೆಟ್‌ಫಾರ್ಮಿನ್ ಅನ್ನು ವರ್ಷಗಳಿಂದ ಸೇವಿಸುತ್ತಿರುವವರು, ಪಾದಗಳಲ್ಲಿ ಉರಿ ಅಥವಾ ಜೋಮು ಇರುವವರು, ನಾಲಿಗೆ ಹುಣ್ಣಾಗಿ ನುಣುಪಾದವರು, ಕತ್ತಲೆಯಲ್ಲಿ ನಡೆಯುವಾಗ ತೂಗಾಡುವವರು ತಡಮಾಡದೆ ರಕ್ತ ತಪಾಸಣೆ ಮಾಡಿಸಿಕೊಳ್ಳಲಿ. ಒಂದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಅದನ್ನು ಕೊರತೆಯೆಂದು ತಿಳಿಯುತ್ತಾರೆ. ಮಿರಜಕ್ಕೋ ಕೊಲ್ಹಾಪುರಕ್ಕೋ ಸಕ್ಕರೆಯ ತಪಾಸಣೆಗೆಂದು ಹೋಗುವವರು ಅದೇ ರಕ್ತದಲ್ಲಿ ಇದನ್ನೂ ನೋಡಿರೆಂದು ಹೇಳಿದರಾಯಿತು. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಪರೀಕ್ಷೆಯು ಬಿ12 ಕೊರತೆಯ ರಕ್ತಹೀನತೆಯಿದ್ದಾಗ ಇಲ್ಲದ ಏರಿಕೆಯನ್ನು ತೋರಿಸಬಹುದೆಂಬುದನ್ನೂ ವೈದ್ಯರ ಗಮನಕ್ಕೆ ತರಬಹುದು.

ಆ ತಾಯಿಗೆ ಚುಚ್ಚುಮದ್ದು ಆರಂಭಿಸಿದ ಮೂರು ತಿಂಗಳಲ್ಲಿ ಉರಿ ಇಳಿದು ನಿದ್ರೆ ಬಂದಿತು. ಬೆರಳುಗಳ ತುದಿಯ ಮರಗಟ್ಟುವಿಕೆ ಮಾತ್ರ ಹೋಗಲಿಲ್ಲ. ಈಗ ಹಿಂಬದಿಗೆ ಪಟ್ಟಿಯಿರುವ ಚಪ್ಪಲಿ ಧರಿಸುತ್ತಾರೆ, ಸಂಜೆ ಅಂಗಾಲನ್ನು ಮೊಮ್ಮಗಳಿಂದ ನೋಡಿಸಿಕೊಳ್ಳುತ್ತಾರೆ. ಹೋದ ವರ್ಷ ಬಸುರಿ ಸೊಸೆಯನ್ನು ಕರೆದುಕೊಂಡು ಬಂದಿದ್ದರು. ನಾನು ಏನನ್ನೂ ಹೇಳುವ ಮೊದಲೇ, "ಇಕೀದೂ ಆ ಬಾರಾ ನಂಬರ ತಪಾಸ ಮಾಡಸ್ರಿ" ಎಂದರು.