ನಿಮಗಿದು ಗೊತ್ತೇ? ಗೇಮ್ ಬರೆದ ಕೈಯೇ ಪಾಠವನ್ನೂ ಬರೆಯಿತು

1996ರ ಜೂನ್‌ನಲ್ಲಿ ಬಿಡುಗಡೆಯಾದ ‘ಕ್ವೇಕ್’ ಗೇಮ್‌ನ ಪ್ರೋಗ್ರಾಮರ್‌ಗಳಲ್ಲಿ ಅಮೆರಿಕದ ಮೈಕೆಲ್ ಅಬ್ರಾಶ್ ಕೂಡ ಒಬ್ಬರು. ಆ ಕೆಲಸಕ್ಕೆ ಸೇರುವ ಮೊದಲೇ ಅವರು ಪ್ರೋಗ್ರಾಮಿಂಗ್ ಪುಸ್ತಕಗಳಿಂದ ಹೆಸರು ಮಾಡಿದ್ದರು. ‘ಝೆನ್ ಆಫ್ ಅಸೆಂಬ್ಲಿ ಲ್ಯಾಂಗ್ವೇಜ್’ ಬಂದದ್ದು 1990ರಲ್ಲಿ.

ಅವರನ್ನು ಕ್ವೇಕ್ ತಯಾರಿಸಿದ ಐಡಿ ಸಾಫ್ಟ್‌ವೇರ್‌ಗೆ ಕರೆತಂದವರು ಅಲ್ಲಿನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್. ಪಿಸಿ ಗ್ರಾಫಿಕ್ಸ್ ಕಲಿಯುವ ದಿನಗಳಲ್ಲಿ ಕಾರ್ಮ್ಯಾಕ್ ಓದಿದ್ದು ಇದೇ ಅಬ್ರಾಶ್ ಬರೆದ ಪತ್ರಿಕಾ ಲೇಖನಗಳನ್ನು! ಮೈಕ್ರೋಸಾಫ್ಟ್‌ನ ಕೆಲಸ ಬಿಟ್ಟು, ಪಾಠ ಹೇಳಿದವರೇ ಓದುಗನ ಪಕ್ಕದಲ್ಲಿ ಬಂದು ಕೂತರು. ನನಗೆ ಇಡೀ ಕಥೆಯಲ್ಲಿ ತುಂಬ ಹಿಡಿಸಿದ್ದು ಇದು.

ಅಬ್ರಾಶ್ ಪಾಠದ ಒಂದು ಉದಾಹರಣೆ ನೋಡಿ. ಹಳೆಯ ಐಬಿಎಂ ಪಿಸಿಯ 8088 ಪ್ರೊಸೆಸರ್‌ನಲ್ಲಿ ಒಂದು ಸಣ್ಣ ಸೂಚನೆಗೆ 2 ಸೈಕಲ್ (ಪ್ರೊಸೆಸರ್‌ನ ಮಿಡಿತ) ಸಾಕೆಂದು ಕೈಪಿಡಿ ಹೇಳುತ್ತಿತ್ತು. ಅಂಥವನ್ನೇ ಸಾಲಾಗಿ ಓಡಿಸಿ ಅಳೆದರೆ ಒಂದೊಂದಕ್ಕೂ ಸುಮಾರು 8 ಸೈಕಲ್ ಬೇಕು. ಯಾಕೆ? ಸೂಚನೆ 2 ಬೈಟ್ ಉದ್ದ, ಮೆಮೊರಿಯಿಂದ ಒಂದು ಬೈಟ್ ತರಲು 4 ಸೈಕಲ್. ದೋಸೆ ಹುಯ್ಯುವವರ ಕೈ ಎಷ್ಟು ಚುರುಕಾಗಿದ್ದರೇನು, ಹಿಟ್ಟು ಒಳಗಿನಿಂದ ಒಂದೊಂದೇ ಸೌಟು ಬರುತ್ತಿದ್ದರೆ ಕಾವಲಿ ಕಾಯಲೇಬೇಕು. ಕೈಪಿಡಿ ನಂಬಿ ಕೂರದೆ ಅಳೆದು ನೋಡಿ ಎಂದ ಅಬ್ರಾಶ್, ಅಳೆಯುವ ಪ್ರೋಗ್ರಾಮನ್ನೂ ತಾವೇ ಬರೆದುಕೊಟ್ಟರು. ಅದರ ಹೆಸರು ‘ಝೆನ್ ಟೈಮರ್’.

ಆಗಿನ ಗೇಮ್‌ಗಳ ಪರದೆ 320×200 ಚುಕ್ಕಿಗಳದು. ಅದರಲ್ಲಿ ಎತ್ತರಕ್ಕೂ ಅಗಲಕ್ಕೂ ಸಮ ಚುಕ್ಕಿ ಎಣಿಸಿ ವೃತ್ತ ಬರೆದರೆ ಕಾಣುತ್ತಿದ್ದುದು ಮೊಟ್ಟೆ. ವೃತ್ತ ವೃತ್ತವಾಗಿಯೇ ಕಾಣುವ, ಐಬಿಎಂ ದಾಖಲೆಯಲ್ಲಿ ಇಲ್ಲದ 320×240 ಕ್ರಮವನ್ನು ಅಬ್ರಾಶ್ 1991ರಲ್ಲಿ ‘ಡಾ. ಡಾಬ್ಸ್ ಜರ್ನಲ್’ನಲ್ಲಿ ವಿವರಿಸಿದರು. ಅವರಿಟ್ಟ ಹೆಸರು ‘ಮೋಡ್ ಎಕ್ಸ್’. ಅದೇ ಉಳಿಯಿತು.

ಇನ್ನು ಕ್ವೇಕ್‌ನ ಗೋಡೆಗಳು. ದೂರಕ್ಕೆ ಸರಿಯುವ ಗೋಡೆಯ ಮೇಲೆ ಕಲ್ಲಿನ ಚಿತ್ರ ವಕ್ರವಾಗದಂತೆ ಕೂರಬೇಕಾದರೆ ಲೆಕ್ಕದ ಪ್ರಕಾರ ಪ್ರತಿ ಚುಕ್ಕಿಗೂ ಒಂದು ಭಾಗಾಕಾರ ಬೇಕು. ಆಗಿನ ಪೆಂಟಿಯಮ್ ಪ್ರೊಸೆಸರ್‌ಗೆ ಭಾಗಾಕಾರವೆಂದರೆ ದುಬಾರಿ ಕೆಲಸ, ಪೂರ್ತಿ ನಿಖರತೆಯಲ್ಲಿ ಮಾಡಿದರೆ 39 ಸೈಕಲ್. ಅದಕ್ಕೇ 16 ಚುಕ್ಕಿಗೊಂದು ಸಲ ಮಾತ್ರ ಭಾಗಿಸಿ, ನಡುವಿನದನ್ನು ಅಂದಾಜಿನಲ್ಲಿ ತುಂಬಿದರು. ಅಷ್ಟೇ ಅಲ್ಲ, ಭಾಗಾಕಾರ ಒಂದು ಕಡೆ ಬೇಯುತ್ತಿರುವಾಗಲೇ ಹಿಂದಿನ 16 ಚುಕ್ಕಿಗಳನ್ನು ಪರದೆಗೆ ಬಡಿಸಿದ್ದೂ ಆಗುತ್ತಿತ್ತು. ಒಂದು ಒಲೆ ಉರಿಯುವಾಗ ಇನ್ನೊಂದು ಕೈ ಖಾಲಿ ಇಲ್ಲ. ಎಂಥ ಜಾಣ್ಮೆ!

ಗೇಮ್ ತಯಾರಾಗುತ್ತಿದ್ದಾಗಲೇ ಅಬ್ರಾಶ್ ಅದರ ಬಗ್ಗೆ ಪತ್ರಿಕೆಗೆ ಬರೆಯುತ್ತಿದ್ದರು. ಯಾವ ಗೋಡೆ ಕಾಣುತ್ತದೆ, ಯಾವುದು ಮರೆಯಾಗುತ್ತದೆ ಎಂದು ಪತ್ತೆಹಚ್ಚಲು ಕಾರ್ಮ್ಯಾಕ್ ಹೂಡಿ, ಆಮೇಲೆ ಕೈಬಿಟ್ಟ ಉಪಾಯಗಳೂ ಆ ಬರಹಗಳಲ್ಲಿವೆ. ಗೆದ್ದದ್ದನ್ನಷ್ಟೇ ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಸೋತ ದಾರಿಯನ್ನೂ ತೋರಿಸುವವು ಅಪರೂಪ.

ಆ ಬರಹಗಳೂ ಸೇರಿ 1997ರಲ್ಲಿ ಬಂದದ್ದೇ ‘ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಬ್ಲ್ಯಾಕ್ ಬುಕ್’. ಒಟ್ಟು 70 ಅಧ್ಯಾಯ.

ಮುಂದೆ ಅಬ್ರಾಶ್ ಸೇರಿದ್ದು ಮತ್ತೆ ಮೈಕ್ರೋಸಾಫ್ಟ್, ಆಮೇಲೆ ಗೇಮ್ ಕಂಪನಿ ವಾಲ್ವ್. 2014ರಲ್ಲಿ ವರ್ಚುವಲ್ ರಿಯಾಲಿಟಿ ಕಂಪನಿ ಆಕ್ಯುಲಸ್‌ನ ಮುಖ್ಯ ವಿಜ್ಞಾನಿಯಾದರು.

2001ರಲ್ಲಿ ಬ್ಲ್ಯಾಕ್ ಬುಕ್ ಅಂತರ್ಜಾಲದಲ್ಲಿ ಉಚಿತವಾಗಿ ಸಿಗತೊಡಗಿತು. ಕ್ವೇಕ್‌ನ ಮೂಲ ಕೋಡ್ 1999ರಲ್ಲೇ ಮುಕ್ತವಾಗಿತ್ತು. ಅದರಲ್ಲಿ ‘ಡಿ_ಡ್ರಾ16’ ಎಂಬ ಕಡತ ತೆರೆದರೆ, ಆ 16 ಚುಕ್ಕಿಗಳ ಅಸೆಂಬ್ಲಿ ಸಾಲುಗಳು ಇವತ್ತಿಗೂ ಕಾಣಸಿಗುತ್ತವೆ.